ಪ್ಯಾದೆಯ ಮಾನಪಾನ

ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕುಳಿತು ಬಸ್ಸುಗಳ ಹೆಸರು ಕೂಗುವ ಸತ್ಯಪ್ಪನಿಗೆ ಒಂದೇ ಒಂದು ದೌರ್ಬಲ್ಯವಿತ್ತು. ನಾಲ್ಕು ಜನ ಕೂತಲ್ಲಿ ಮೌನ ಕವಿದರೆ ಅವನಿಂದ ತಡೆದುಕೊಳ್ಳಲು ಆಗುತ್ತಿರಲಿಲ್ಲ, ಏನನ್ನಾದರೂ ಘೋಷಿಸಲೇಬೇಕು. ನಿಲ್ದಾಣದಲ್ಲಾದರೆ ದೊಡವಾಡದ ಬಸ್ಸೋ ಧಾರವಾಡದ ಬಸ್ಸೋ ಇದ್ದೇ ಇರುತ್ತದೆ. ಕಿತ್ತೂರಿನ ಕೃಷ್ಣಾಜಿಯವರ ಪಡಸಾಲೆಯಲ್ಲಿ ಘೋಷಿಸಲು ಯಾವ ಬಸ್ಸೂ ಇರಲಿಲ್ಲ. ಟೀಪಾಯಿಯ ಮೇಲೆ ಒಂದು ಚೆಸ್ ಮಣೆ ಇತ್ತು. ಹಾಗಾಗಿ ಅವನು, "ನಾನೂ ಚೆಸ್ ಆಡತೇನ್ರಿ" ಎಂದು ಘೋಷಿಸಿಬಿಟ್ಟ.

ಆಡುವುದಿರಲಿ, ಕುದುರೆ ಯಾವ ಕಡೆ ಮುಖ ಮಾಡಿ ನಿಲ್ಲಬೇಕೆಂಬುದೂ ಅವನಿಗೆ ಗೊತ್ತಿರಲಿಲ್ಲ.

ಅವನು ಅಲ್ಲಿಗೆ ಹೋಗಿದ್ದು ಮಗಳ ಮದುವೆಯ ಮಾತಿಗೆ. ಸಪ್ನಾ ಎಂ.ಕೆ. ಹುಬ್ಬಳ್ಳಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಮಿಸ್ಟ್. ಪಕ್ಕದ ಮೇಜಿನಲ್ಲಿ ಕೃಷ್ಣಾಜಿಯವರ ಮಗ ಮಿಲಿಂದ. ಇಬ್ಬರೂ ಕಬ್ಬಿನ ಹಾಲಿನಲ್ಲಿ ಸಕ್ಕರೆ ಎಷ್ಟಿದೆ ಎಂದು ಅಳೆಯುತ್ತ ಕೂತವರು, ಒಂದು ದಿನ ತಮ್ಮ ತಮ್ಮ ಮನೆಯಲ್ಲಿ, ಆದರೆ ಇವರನ್ನೇ ಆಗುತ್ತೇವೆ, ಇಲ್ಲವಾದರೆ ಹೀಗೇ ಇರುತ್ತೇವೆ ಎಂದು ಹೇಳಿಬಿಟ್ಟರು. ಬೈಲಹೊಂಗಲದ ಮನೆಯ ಗೋಡೆಯ ಮೇಲೆ ಬುದ್ಧನ, ಬಾಬಾಸಾಹೇಬರ ಫೋಟೋ. ಕಿತ್ತೂರಿನ ಮನೆಯಲ್ಲಿ ಅಜ್ಜನ ಕಾಲದ ದೇವರ ಕೋಣೆ. ಸತ್ಯಪ್ಪನ ತಾಯಿ ಶೆಟ್ಟೆವ್ವ ಚಿಕ್ಕವಳಿದ್ದಾಗ ಅಂಥ ಮನೆಗಳ ಹಿತ್ತಲಿನ ತನಕ ಮಾತ್ರ ಹೋದವಳು, ನೀರನ್ನು ಮೇಲಿನಿಂದ ಬೊಗಸೆಗೆ ಹಾಕಿಸಿಕೊಂಡು ಕುಡಿದವಳು. ಕಾಲ ಬದಲಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಬದಲಾಗಿದೆ ಎಂಬುದು ಇಂಥ ಸಂಬಂಧ ಬಂದಾಗಲೇ ತಿಳಿಯುವುದು.

ಕೃಷ್ಣಾಜಿ ಔಷಧದ ಅಂಗಡಿ ಇಟ್ಟುಕೊಂಡ ಬಲು ಸೌಜನ್ಯದ ಮನುಷ್ಯ. ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಅಂದವರಲ್ಲ, ಹೂಂ ಅಂದವರೂ ಅಲ್ಲ. ಎಲ್ಲದಕ್ಕೂ "ನೋಡೋಣಂತ್ರಿ" ಅನ್ನುವವರು. ಆ ಮನೆಯಲ್ಲಿ ಕಡೆಯ ಮಾತು ಅವರ ತಾಯಿ ಭಾಗೀರಥಿಬಾಯಿಯದು. ಮನೆಯವರೆಲ್ಲ ಆಯಿ ಎಂದು ಕರೆಯುವ ಆಕೆ ಅಂದು ಕೋಣೆಯಿಂದ ಹೊರಗೇ ಬರಲಿಲ್ಲ.

ಸತ್ಯಪ್ಪನ ಘೋಷಣೆ ಕೇಳಿದ್ದೇ ಕೃಷ್ಣಾಜಿಯವರ ಮುಖ ಅರಳಿತು.

"ಹೌದೇನ್ರಿ! ಹಂಗಾದ್ರ ಬರೂ ಐತವಾರ ನಾವ ನಿಮ್ಮ ಮನಿಗೆ ಬರ್ತೀವಿ. ಒಂದ ಆಟ ಆಡೋಣು. ಆಯಿನ್ನೂ ಕರಕೊಂಡ ಬರ್ತೀನಿ. ಆಟ ಅಂದ್ರ ಆಕಿಗೆ ಜೀವ. ನನಗ ಕಲಿಸಿದಾಕಿನೂ ಆಕಿನ."

ತಿರುಗಿ ಬರುವಾಗ ಬಸ್ಸಿನಲ್ಲಿ ಸಪ್ನಾ ಕೇಳಿದಳು. "ಅಪ್ಪಾ, ನಿನಗ ಚೆಸ್ ಯಾವಾಗ ಬಂತು?"

"ಬರತೈತಿ."

"ಬರತೈತಿ ಅಂದ್ರ?"

"ಬರಬೇಕಲ್ಲ ಇನ್ನ."

ಸಪ್ನಾ ನಗಲಿಲ್ಲ. ಮಿಲಿಂದನ ಅಜ್ಜಿ ಒಪ್ಪಿ ನಮ್ಮ ಮನೆಗೆ ಬರುವುದೇ ದೊಡ್ಡದು, ಆ ದಿನ ಏನಾದರೂ ಕೆಟ್ಟರೆ ಮತ್ತೆ ಬರುವುದಿಲ್ಲ ಎಂದಳು.

ಇಂಥ ಸಂಕಟಗಳಿಗೆಂದೇ ದೇವರು ಪಕ್ಕದ ಮನೆಯಲ್ಲಿ ಟೇಲರ್ ಮಾಳಪ್ಪನನ್ನು ಇಟ್ಟಿದ್ದ. ಮಾಳಪ್ಪನಿಗೆ ಗೊತ್ತಿಲ್ಲದ ವಿದ್ಯೆ ಇರಲಿಲ್ಲ. ಜನ ಹೇಳಿದ ಅಳತೆಗೆ ಅಂಗಿ ಹೊಲಿಯುವುದೊಂದು ಬಿಟ್ಟರೆ ಉಳಿದದ್ದೆಲ್ಲ ಅವನಿಗೆ ಬರುತ್ತಿತ್ತು. ಅವನು ಹೊಲಿಗೆ ಯಂತ್ರಕ್ಕೆ ಮೊಬೈಲು ಒರಗಿಸಿ ಒಂದು ವಿಡಿಯೋ ಹಚ್ಚಿದ.

"ಇದರ ಹೆಸರು ಎಂಗ್ಲುಂಡ್ ಗ್ಯಾಂಬಿಟ್. ಕರಿ ಕಾಯಿಯವರು ಆಡೂದು. ಮದಲ ನಿನ್ನ ಪ್ಯಾದಿ ಅವರ ಬಾಯಿಗೆ ಇಡಬೇಕು. ಅವರು ಹೊಡೀತಾರ. ಫುಕಟ ಸಿಕ್ಕತಂತ ಖುಷಿ ಆಗತಾರ. ಆಮ್ಯಾಲ ನಿನ್ನ ವಜೀರ ಹೊಕ್ಕು ಹೊರಗ ಬಂದ್ರ, ರಾಜಾ ಖಲಾಸ್."

"ಬಿಳಿ ಕಾಯಿ ಆಡೂದು ಕಲಸೂದಿಲ್ಲೇನ?"

ಮಾಳಪ್ಪ ಕನ್ನಡಕ ತೆಗೆದು ಕರುಣೆಯಿಂದ ನೋಡಿದ. "ಗಂಡಿನ ಕಡೆಯವರು ಮನಿಗೆ ಬಂದಾಗ ಮದಲಿನ ಮರ್ಯಾದಿ ಯಾರಿಗೆ? ಅವರಿಗೆ. ಬಿಳಿ ಅವರಿಗೆ ಹೋತು. ನಿನಗ ಉಳಿಯೂದು ಕರಿ. ಬಿಳಿ ಯಾಕ ಕಲೀತಿ ಸುಮ್ನ?"

ತರ್ಕದಲ್ಲಿ ಒಂದು ತೂತೂ ಇರಲಿಲ್ಲ. ಆದರೆ ಈ ಆಟ ನಡೆಯಬೇಕಾದರೆ ಬಿಳಿಯವರು ವಜೀರನ ಮುಂದಿನ ಪ್ಯಾದೆಯನ್ನೇ ಮೊದಲು ತಳ್ಳಬೇಕಾಗಿತ್ತು, ನಮ್ಮ ಕಡೆ ರಾಣಿಗೆ ವಜೀರ, ಕಾಲಾಳಿಗೆ ಪ್ಯಾದೆ ಅನ್ನುತ್ತಾರೆ. ಆ ಚಿಂತೆಯನ್ನು ಮಿಲಿಂದನೇ ಫೋನಿನಲ್ಲಿ ನೀಗಿಸಿದ. "ಮಾಮಾ, ನಮ್ಮ ಮನ್ಯಾಗ ಆಯಿ ಕಲಿಸಿದ್ದು ಅದೊಂದ. ಬ್ಯಾರೆ ಪ್ಯಾದಿ ಯಾರೂ ತಳ್ಳಂಗಿಲ್ಲ." ವಿಡಿಯೋದ ಕೊನೆಯಲ್ಲಿ ಆಟ ಕಲಿಸುವ ಮನುಷ್ಯ ಇನ್ನೂ ಏನೋ ಹೇಳುತ್ತಿದ್ದ. ಎದುರಿನವನು ಆ ಒಂದು ತಪ್ಪು ಮಾಡದಿದ್ದರೆ ಕರಿಯವನ ಗತಿ ಮುಗಿದಂತೆ ಎಂಬುದು ಅದರ ಸಾರ. ಆದರೆ ಅಲ್ಲಿಗೆ ಬರುವ ಹೊತ್ತಿಗೆ ಮಾಳಪ್ಪ ಪ್ರತಿ ಸಲವೂ ಚಾರ್ಜು ಉಳಿಸಲು ಮೊಬೈಲು ಆರಿಸುತ್ತಿದ್ದ.

ಹೀಗೆ ಅಭ್ಯಾಸ ನಡೆಯಿತು. ಮಾಳಪ್ಪ ಬಿಳಿ ಕಾಯಿ ಹಿಡಿದು, ವಿಡಿಯೋದಲ್ಲಿದ್ದಂತೆ ತಪ್ಪಬೇಕಾದಲ್ಲಿ ತಪ್ಪದೆ ತಪ್ಪು ಮಾಡುತ್ತಿದ್ದ. ಸತ್ಯಪ್ಪ ಪ್ರತಿ ಸಲವೂ ಗೆದ್ದ. ಚೆಸ್ ಇಷ್ಟು ಸುಲಭದ ಆಟ ಎಂದು ಮೊದಲೇ ಗೊತ್ತಿದ್ದರೆ ಇಷ್ಟು ವರ್ಷ ಸುಮ್ಮನೆ ಕಳೆಯುತ್ತಿರಲಿಲ್ಲ ಎಂದು ಅವನಿಗೆ ಬೇಸರವೇ ಆಯಿತು. ಮೈಕಿನ ಮುಂದೆ ಕೂತಾಗಲೂ ಬೆರಳುಗಳು ಮೇಜಿನ ಮೇಲೆ ವಜೀರನನ್ನು ನಡೆಸುತ್ತಿದ್ದವು. ಸವದತ್ತಿಯ ಬಸ್ಸನ್ನು ರಾಮದುರ್ಗದ ಬಸ್ಸೆಂದು ಕೂಗಿದ. ರಾಮದುರ್ಗದ ದಾರಿಯ ಕಟಕೋಳದಲ್ಲಿ ಇಳಿಯಬೇಕಾದ ರಾಯವ್ವ ಎಂಬ ಮುದುಕಿ ಸವದತ್ತಿಯಲ್ಲಿ ಇಳಿದು, ಇದ್ಯಾವ ಊರು ಎಂದು ಕೇಳಿ, ಸಿಕ್ಕ ಫೋನಿನಿಂದ ಡಿಪೋಕ್ಕೆ ಬೈದಳು. ಸಾಹೇಬರು ಕರೆಸಿ ಕೇಳಿದರು.

"ಏನ್ರೀ ಸತ್ಯಪ್ಪ, ತಲಿ ಎಲ್ಲೈತಿ?"

"ಮಗಳ ಲಗ್ನ ಐತ್ರಿ ಸಾಹೇಬ್ರ. ಚೆಸ್ ಆಡಾಕ ಕಲಿಯಾಕತ್ತೇನಿ."

ಸಾಹೇಬರು ಬಹಳ ಹೊತ್ತು ಅವನ ಮುಖ ನೋಡಿ, ನೀರು ಕುಡಿದು, ಹೋಗೆಂದರು.

ಮನೆಯಲ್ಲಿ ಇನ್ನೊಂದು ಜಗಳ. ಹೆಂಡತಿ ಸಾವಿತ್ರೆವ್ವ ಹೇಳಿದಳು, "ಬೀಗರನ್ನ ಮನಿಗೆ ಕರದ ಸೋಲಿಸಿದ್ರ ಸಂಬಂಧ ಉಳೀತೈತೇನ? ಸುಮ್ನ ಸೋತ ಬಿಡ್ರಿ."

ಒಳಗಿನಿಂದ ಶೆಟ್ಟೆವ್ವ ಗುಡುಗಿದಳು. "ಯಾಕ ಸೋಲಬೇಕ? ಸೋತು ಸೋತು ನಮ್ಮ ಹಿರ್ಯಾರು ಹೋದ್ರು. ನನ್ನ ಮಗ ಗೆಲ್ಲಾಂವ."

ಐತವಾರ ಬಂತು. ಕೃಷ್ಣಾಜಿ ಬಂದರು, ಮಿಲಿಂದ ಬಂದ, ಅವರ ಹಿಂದೆ ಕೋಲೂರಿಕೊಂಡು ಭಾಗೀರಥಿಬಾಯಿ ಬಂದರು. ಬಿಳಿ ಸೀರೆ, ದಪ್ಪ ಕನ್ನಡಕ, ಕೈಚೀಲದಲ್ಲಿ ಸ್ಟೀಲಿನ ಬಾಟಲಿಯಲ್ಲಿ ಮನೆಯಿಂದ ತಂದ ನೀರು. ಆ ಬಾಟಲಿಯನ್ನು ಎಲ್ಲರೂ ನೋಡಿದರು, ಎಲ್ಲರೂ ನೋಡದಂತೆ ಇದ್ದರು. ಆಕೆ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು, ಬಾಟಲಿಯನ್ನು ಕಾಲ ಬಳಿ ಇಟ್ಟುಕೊಂಡು, ತುಟಿ ಬಿಗಿ ಹಿಡಿದರು.

ಸಾವಿತ್ರೆವ್ವ ಚಹಾ ತಂದಳು, ಬೆಲ್ಲ ಹಾಕಿ ಮಾಡಿದ ಮಾದಲಿ ತಂದಳು.

"ಯಾಕ ತ್ರಾಸ ತಗೊಂಡ್ರಿ? ನಮ್ದು ಚಹಾ ಈಗರ ಆತು" ಎಂದರು ಕೃಷ್ಣಾಜಿ, ಓರೆಗಣ್ಣಿನಲ್ಲಿ ತಾಯಿಯನ್ನು ನೋಡುತ್ತ. ಮಿಲಿಂದ ಕೈ ಚಾಚಿದವನು ಅಪ್ಪನ ಮುಖ ನೋಡಿ ಕೈ ಹಿಂದೆ ತೆಗೆದ. ಚಹಾದ ಮೇಲೆ ಕೆನೆಗಟ್ಟತೊಡಗಿತು. ಬಾಗಿಲಲ್ಲಿ ನಿಂತಿದ್ದ ಶೆಟ್ಟೆವ್ವ ಅದನ್ನು ನೋಡುತ್ತಿದ್ದಳು.

ಮೌನ ಕವಿಯಿತು. ಸತ್ಯಪ್ಪನಿಗೆ ತಡೆಯಲಾಗಲಿಲ್ಲ. "ಆಟ ಹೂಡೂಣ್ರಿ!" ಎಂದು ಕೂಗಿದ, ಕಿಟಕಿಯ ಹೊರಗೆ ನಿಂತಿದ್ದ ಮಾಳಪ್ಪ ಬೆಚ್ಚಿಬಿದ್ದ.

ಮೊದಲ ಯುದ್ಧ ಬಣ್ಣದ್ದು.

"ಬಿಳಿ ನೀವ ತಗೋರಿ, ನಿಮ್ಮ ಮನಿ."

"ಛೇ ಛೇ, ನೀವು ಬಂದವರು. ನಿಮಗ ಬಿಳಿ."

"ಹಿರ್ಯಾರು ನೀವು."

"ನೀವ ಹಿರ್ಯಾರ್ರಿ. ನನಗ ಕರಿ ಅಂದ್ರ ಬಾಳ ಸೇರತೈತಿ." ಸತ್ಯಪ್ಪ ಕರಿ ಕಾಯಿಗಳನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ಎದೆಗೆ ಒತ್ತಿಕೊಂಡ. ಇಷ್ಟೊಂದು ವಿನಯವನ್ನು ಕೃಷ್ಣಾಜಿ ಕಂಡಿರಲಿಲ್ಲ. ಅವರ ಕಣ್ಣು ಒದ್ದೆಯಾದವು.

ಕೃಷ್ಣಾಜಿ ವಜೀರನ ಮುಂದಿನ ಪ್ಯಾದೆಯನ್ನು ತಳ್ಳಿದರು. ಕಿಟಕಿಯಲ್ಲಿ ಮಾಳಪ್ಪ ಕೈಮುಗಿದ. ಸತ್ಯಪ್ಪ ತನ್ನ ಕರಿ ಪ್ಯಾದೆಯನ್ನು ತಂದು ಅದರ ಬಾಯಿಗೇ ಇಟ್ಟು, ಉಸಿರು ಬಿಗಿ ಹಿಡಿದು ಕೂತ.

ಕೃಷ್ಣಾಜಿ ಹೊಡೆಯಲಿಲ್ಲ.

"ತಪ್ಪಿ ಇಟ್ರೇನ್ರಿ? ತಿರಗಿ ತಗೋರಿ, ಪರವಾ ಇಲ್ಲ."

"ಇಲ್ರಿ, ಬೇಕಂತನ ಇಟ್ಟೇನಿ. ಹೊಡೀರಿ."

"ಹೆಂಗ ಹೊಡೀಲ್ರಿ? ಫುಕಟ ಅದ."

"ಫುಕಟ ಇದ್ದದ್ದಕ್ಕ ಹೊಡೀರಿ ಅನ್ನಾಕತ್ತೇನಿ!"

ಕೃಷ್ಣಾಜಿಗೆ ಈಗ ಎಲ್ಲವೂ ಸ್ಪಷ್ಟವಾಯಿತು. ಹೆಣ್ಣಿನ ತಂದೆ, ಪಾಪ, ಬೀಗರಿಗೆ ಸಲ್ಲಬೇಕಾದ ಮಾನಪಾನವೆಂದು ಮೊದಲ ಏಟಿಗೇ ಒಂದು ಪ್ಯಾದೆಯನ್ನು ಕಾಣಿಕೆ ಇಡುತ್ತಿದ್ದಾನೆ. ಅವರೋ ಹೆಣ್ಣಿನ ಕಡೆಯಿಂದ ಒಂದು ಕಡ್ಡಿಯನ್ನೂ ತೆಗೆದುಕೊಳ್ಳುವುದಿಲ್ಲ ಎಂದು ಮಗನಿಗೆ ಮಾತು ಕೊಟ್ಟು ಬಂದವರು. ಅದೂ ಅಲ್ಲದೆ ನಮ್ಮ ಸೀಮೆಯಲ್ಲಿ ಮುಯ್ಯಿ ಎಂಬುದೊಂದಿದೆ. ಒಬ್ಬರು ಮದುವೆಮನೆಯಲ್ಲಿ ಏನು ಕೊಟ್ಟರೋ ಅದಕ್ಕೆ ಸರಿತೂಗುವಂಥದ್ದನ್ನು ತಿರುಗಿ ಕೊಡದಿದ್ದರೆ ಮರ್ಯಾದೆ ಉಳಿಯುವುದಿಲ್ಲ. ಕೃಷ್ಣಾಜಿ ಯೋಚಿಸಿ, ತಮ್ಮ ಇನ್ನೊಂದು ಪ್ಯಾದೆಯನ್ನು ಸತ್ಯಪ್ಪನ ಪ್ಯಾದೆಯ ಬಾಯಿಗೆ ಇಟ್ಟರು.

"ಇದು ನಮ್ಮ ಕಡಿಂದ" ಎಂದರು.

ವಿಡಿಯೋದಲ್ಲಿ ಇದು ಇರಲಿಲ್ಲ. ಸತ್ಯಪ್ಪ ಬೆವರೊರೆಸಿಕೊಂಡು ಕಿಟಕಿಯತ್ತ ನೋಡಿದ. ವಿಡಿಯೋದಲ್ಲಿಲ್ಲದ್ದು ಮಾಳಪ್ಪನ ತಲೆಯಲ್ಲೂ ಇರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವುದು ಅವನ ಜಾಯಮಾನವಲ್ಲ. "ಕುದರಿ! ಕುದರಿ ಇಡು!" ಎಂದು ಪಿಸುಗುಟ್ಟಿದ, ಓಣಿಯ ತುದಿಗೂ ಕೇಳಿಸುವಂತೆ.

ಸತ್ಯಪ್ಪ ಕುದುರೆಯನ್ನು ಇಟ್ಟ. "ಹೊಡೀರಿ."

"ಅಯ್ಯಯ್ಯ, ಕುದರಿ ಯಾಕ್ರಿ!" ಕೃಷ್ಣಾಜಿ ಕಂಗಾಲಾದರು. ಕುದುರೆಗೆ ಸರಿಯಾದ ಮುಯ್ಯಿ ಹುಡುಕಿ ಒಂದು ಒಂಟೆಯನ್ನು ಮುಂದಿಟ್ಟರು. ಸತ್ಯಪ್ಪ ಆನೆಯನ್ನು ಹೊರಗೆ ತಂದ. ಕೃಷ್ಣಾಜಿ ಎರಡೂ ಕುದುರೆ ತಂದರು. ಸ್ವಲ್ಪ ಹೊತ್ತಿನಲ್ಲಿ ಎರಡೂ ದಂಡು ಮಣೆಯ ನಡುವೆ ಒಬ್ಬರ ಮೈಮೇಲೆ ಒಬ್ಬರು ಬೀಳುವಷ್ಟು ಹತ್ತಿರ ಬಂದು, ನೀವು ಮೊದಲು ನೀವು ಮೊದಲು ಎನ್ನುತ್ತ ನಿಂತವು. ಒಂದು ಕಾಯಿಯೂ ಸತ್ತಿರಲಿಲ್ಲ. ಚೆಸ್ ಹುಟ್ಟಿದಾಗಿನಿಂದ ಇಷ್ಟು ಸಜ್ಜನಿಕೆಯ ಯುದ್ಧ ಬೇರೆಲ್ಲೂ ನಡೆದಿರಲಾರದು.

"ತಗೋರಿ."

"ಬ್ಯಾಡ್ರಿ."

"ಒಂದರ ತಗೋರಿ!"

"ಬ್ಯಾಡಂದ್ರ ಬ್ಯಾಡ್ರಿ, ನಾವ ಏನೂ ತಗೊಳ್ಳಂಗಿಲ್ಲ."

ಬಾಗಿಲಲ್ಲಿದ್ದ ಶೆಟ್ಟೆವ್ವನ ತಾಳ್ಮೆ ಅಲ್ಲಿಗೆ ಮುಗಿಯಿತು. ಅವಳು ಒಳಗೆ ಬಂದು ನಡುಮನೆಯಲ್ಲಿ ನಿಂತಳು.

"ಅಲ್ರೀ, ಚಾ ತಗೊಳ್ಳಿಲ್ಲ. ಮಾದಲಿ ಮುಟ್ಟಲಿಲ್ಲ. ನೀರಂತೂ ಮನಿಂದನ ತಂದೀರಿ. ಆತು ಬಿಡ್ರಿ, ಅದೆಲ್ಲ ನಾ ಕಂಡದ್ದ ಐತಿ. ಕಟಗಿ ಪ್ಯಾದಿ ಏನ ಪಾಪ ಮಾಡೇತ್ರಿ? ನಮ್ಮ ಕೈಯಾಗಿಂದು ಅಂದ್ರ ಅದೂ ನಡೆಯಾಂಗಿಲ್ಲೇನ?"

ಸಪ್ನಾಳ ಮುಖ ಬಿಳುಚಿತು. ಮಿಲಿಂದ ಎದ್ದು ನಿಂತು, "ಅಜ್ಜೀ, ಹಂಗಲ್ಲ" ಎಂದು ಚಹಾದ ಕಪ್ಪಿಗೆ ಕೈ ಹಾಕಲು ಹೋಗಿ ತಟ್ಟೆಯಲ್ಲಿ ಅರ್ಧ ಚೆಲ್ಲಿದ. ಕೃಷ್ಣಾಜಿ ಕೆಂಪಾಗಿ ಹೇಳಿದರು, "ಅವ್ವಾರ, ಪ್ಯಾದಿದು ಹಂಗಲ್ರಿ, ನಾ ಮಾನಪಾನ ಅನಕೊಂಡೆ, ತಗೊಂಡ್ರ ತಪ್ಪಾಗ್ತದಂತ..."

"ಪ್ಯಾದಿದು ತಿಳೀತು" ಎಂದಳು ಶೆಟ್ಟೆವ್ವ. "ಚಾದ್ದು?"

ಕೃಷ್ಣಾಜಿಯ ಕಣ್ಣು ತಾಯಿಯ ಕಡೆ ಹೋಯಿತು. ಎಲ್ಲರ ಕಣ್ಣೂ ಹೋಯಿತು. ಸತ್ಯಪ್ಪನಿಗೆ ಜೀವನದಲ್ಲಿ ಮೊದಲ ಸಲ ಮೌನವಿದ್ದಲ್ಲಿ ಘೋಷಿಸಲು ಒಂದು ಮಾತೂ ಸಿಗಲಿಲ್ಲ. ತನ್ನ ಒಂದು ಬಡಾಯಿಯಿಂದ ಮಗಳ ಬಾಳು ಹಾಳಾಯಿತಲ್ಲ ಎಂದು ಅವನಿಗೆ ಅಳು ಬಂತು.

ಭಾಗೀರಥಿಬಾಯಿ ಕೋಲೂರಿ ಎದ್ದರು. ಹೊರಟೇಬಿಟ್ಟರು ಎಂದು ಸಾವಿತ್ರೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಆಕೆ ಬಾಗಿಲಿಗೆ ಹೋಗಲಿಲ್ಲ. ಮಣೆಯ ಹತ್ತಿರ ಬಂದು, ಬಗ್ಗಿ, ಆ ಗುಂಪುಗೂಡಿ ನಿಂತ ಕಾಯಿಗಳನ್ನು ನೋಡಿದರು. ನೋಡುತ್ತ ನೋಡುತ್ತ ಮುಖ ಸಿಟ್ಟಿನಿಂದ ಕುದಿಯಿತು.

"ಕೃಷ್ಣಾ, ಏನಿದು? ನಾ ನಿನಗ ಹಿಂಗ ಆಡ್ಲಿಕ್ಕೆ ಕಲಿಸೀನೇನು? ಎದುರಿನವ ಧೈರ್ಯ ಮಾಡಿ ಪ್ಯಾದಿ ಇಟ್ಟಾನ. ಅದನ್ನ ಬಿಟ್ಟು ಬರೇ ನಮಸ್ಕಾರ ಮಾಡಕೋತ ಕೂತೀಯಲ್ಲೋ! ಏಳು ಮ್ಯಾಲ."

"ಆಯೀ..."

"ಏಳು!"

ಕೃಷ್ಣಾಜಿ ಎದ್ದರು. ಭಾಗೀರಥಿಬಾಯಿ ಕೂತರು, ಕಾಯಿಗಳನ್ನೆಲ್ಲ ಸರಸರ ಮತ್ತೆ ಹೂಡಿ, ವಜೀರನ ಮುಂದಿನ ಪ್ಯಾದೆಯನ್ನು ತಳ್ಳಿದರು. ಸತ್ಯಪ್ಪ ಕರಿ ಪ್ಯಾದೆಯನ್ನು ಇಟ್ಟ. ಆಕೆ ಒಂದು ಕ್ಷಣವೂ ತಡಮಾಡದೆ ಅದನ್ನು ಟಪ್ಪೆಂದು ಹೊಡೆದು, ಎತ್ತಿ ತಮ್ಮ ಮಡಿಲಲ್ಲಿ ಹಾಕಿಕೊಂಡರು.

"ತಗೊಂಡೆ. ಮುಂದ ನಡೀರಿ."

ಸತ್ಯಪ್ಪನ ಮೈಯಲ್ಲಿ ಜೀವ ಬಂತು. ಇದು ವಿಡಿಯೋದಲ್ಲಿತ್ತು! ಕುದುರೆ ಹೊರಟಿತು, ವಜೀರ ಹೊರಟ. ಭಾಗೀರಥಿಬಾಯಿ ಜೋರಾಗಿ ಆಡಿದರು, ಒಂಟೆಯಿಂದ ವಜೀರನನ್ನು ಅಟ್ಟಲು ಹೋದರು, ಮಾಳಪ್ಪ ಎಲ್ಲಿ ತಪ್ಪುತ್ತಿದ್ದನೋ ಸರಿಯಾಗಿ ಅಲ್ಲೇ ತಪ್ಪಿದರು. ಕಿಟಕಿಯಲ್ಲಿ ಮಾಳಪ್ಪ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡ.

ಈಗ ಸಾವಿತ್ರೆವ್ವನಿಗೂ ಗಂಡ ಗೆಲ್ಲುವ ವಾಸನೆ ಬಡಿಯಿತು. ಅಡುಗೆಮನೆ ಬಾಗಿಲಿನಿಂದ ಸೌಟು ಅಲ್ಲಾಡಿಸಿ ಸೋಲಿರಿ ಸೋಲಿರಿ ಎಂದು ಸನ್ನೆ ಮಾಡಿದಳು. ಶೆಟ್ಟೆವ್ವ ಸೊಂಟದ ಮೇಲೆ ಕೈಯಿಟ್ಟು ಗೆಲ್ಲು ಎಂಬಂತೆ ಕಣ್ಣು ಬಿಟ್ಟಳು. ಸತ್ಯಪ್ಪನಿಗೆ ಹೆಂಡತಿಯ ಮಾತೇ ಸರಿ ಅನ್ನಿಸಿತು, ಸೋತುಬಿಡೋಣ ಎಂದೂ ಅನ್ನಿಸಿತು. ಆದರೆ ಸೋಲುವುದಕ್ಕೆ ಬೇರೊಂದು ನಡೆ ಗೊತ್ತಿರಬೇಕಲ್ಲ! ಅವನಿಗೆ ಬರುತ್ತಿದ್ದುದು ಅದೊಂದೇ ದಾರಿ, ಆ ದಾರಿ ಗೆಲುವಿಗೇ ಹೋಗಿ ನಿಲ್ಲುತ್ತಿತ್ತು. ಅವನು ಕಣ್ಣು ಮುಚ್ಚಿ ವಜೀರನನ್ನು ರಾಜನ ಸಾಲಿಗೆ ತಂದಿಟ್ಟ.

"ಆತ್ರಿ" ಎಂದ, ಅಳುವ ದನಿಯಲ್ಲಿ.

ಭಾಗೀರಥಿಬಾಯಿ ಮಣೆಯನ್ನು ದಿಟ್ಟಿಸಿದರು. ರಾಜನನ್ನು ಅತ್ತ ಸರಿಸಿ ನೋಡಿದರು, ಇತ್ತ ಸರಿಸಿ ನೋಡಿದರು. ಅತ್ತಲೂ ವಜೀರ, ಇತ್ತ ತಮ್ಮದೇ ಕಾಯಿ. ಕನ್ನಡಕ ಒರೆಸಿದರು. ಗಂಟಲು ಒಣಗಿರಬೇಕು, ಮಣೆಯಿಂದ ಕಣ್ಣು ತೆಗೆಯದೆ ಪಕ್ಕಕ್ಕೆ ಕೈ ಚಾಚಿ, ಸಿಕ್ಕ ಕಪ್ಪನ್ನು ಎತ್ತಿ, ಆರಿ ತಣ್ಣಗಾಗಿದ್ದ ಚಹಾವನ್ನು ಗಟಗಟ ಕುಡಿದರು.

ಕೃಷ್ಣಾಜಿಯ ಬಾಯಿ ತೆರೆದೇ ಇತ್ತು. ಭಾಗೀರಥಿಬಾಯಿ ತಲೆ ಎತ್ತಿ ಒಬ್ಬೊಬ್ಬರ ಮುಖ ನೋಡಿದರು, ಆಮೇಲೆ ಕೈಯಲ್ಲಿನ ಕಪ್ಪನ್ನು ನೋಡಿದರು. ತುಸು ಹೊತ್ತು ಅದನ್ನು ಹಾಗೇ ಹಿಡಿದುಕೊಂಡಿದ್ದರು.

"ಏನ ನೋಡ್ಲಿಕ್ಕತ್ತೀರಿ?" ಎಂದರು ಕಡೆಗೆ, ಶೆಟ್ಟೆವ್ವನ ಕಡೆ ತಿರುಗಿ. "ಸೋತಾಕಿಗೆ ಬಿಸಿ ಚಹಾನೂ ಕೊಡಂಗಿಲ್ಲೇನು ನಿಮ್ಮ ಮನ್ಯಾಗ?"

ಶೆಟ್ಟೆವ್ವ ಕಪ್ಪು ಇಸಿದುಕೊಂಡು, "ಸಕ್ರಿ ಎಷ್ಟ ಹಾಕಲ್ರಿ?" ಎಂದು ಕೇಳಿದಳು. ಕಣ್ಣು ಒರೆಸಿಕೊಂಡದ್ದು ಸೆರಗಿನಿಂದಲೋ ಕಪ್ಪು ಒರೆಸುವ ಬಟ್ಟೆಯಿಂದಲೋ ಅವಳಿಗೇ ತಿಳಿಯಲಿಲ್ಲ.

"ಕಡಿಮಿ ಹಾಕ್ರಿ. ಆ ಮಾದಲಿನೂ ಇತ್ಲಾಗ ಸರಸ್ರಿ." ಭಾಗೀರಥಿಬಾಯಿ ಮಣೆ ತಿರುಗಿಸಿದರು. "ಈಗ ಕರಿ ನನಗ. ಬಿಳಿ ನಿಮಗ. ಹೂಡ್ರಿ."

ಬಿಳಿ ಕಾಯಿಯನ್ನು ಸತ್ಯಪ್ಪ ಮುಟ್ಟಿಯೂ ನೋಡಿದವನಲ್ಲ. ಬಿಳಿಯ ಆಟ ಅವನು ಕಂಡದ್ದೆಂದರೆ ಮಾಳಪ್ಪನದೊಂದೇ. ಕಂಡದ್ದನ್ನೇ ಮಾಡಿದ. ವಜೀರನ ಮುಂದಿನ ಪ್ಯಾದೆ ತಳ್ಳಿದ. ಭಾಗೀರಥಿಬಾಯಿ ಕರಿ ಪ್ಯಾದೆಯನ್ನು ಅದರ ಬಾಯಿಗೆ ಇಟ್ಟರು. ಆಕೆ ಒಮ್ಮೆ ನೋಡಿದ್ದನ್ನು ಮರೆಯುವವರಲ್ಲ. ಸತ್ಯಪ್ಪ ಹೊಡೆದ. ಆಕೆಯ ವಜೀರ ಬಂದ. ಸತ್ಯಪ್ಪ, ಮುಂದೆ ಬಾವಿ ಇದೆ ಎಂದು ಚೆನ್ನಾಗಿ ಗೊತ್ತಿದ್ದೂ, ಮಾಳಪ್ಪ ಮಾಡುತ್ತಿದ್ದ ತಪ್ಪನ್ನು ಒಂದೂ ಬಿಡದೆ ಮಾಡಿ, ಹೋಗಿ ಅದರಲ್ಲಿ ಬಿದ್ದ. ಹೊರಗೆ ಮಾಳಪ್ಪ ಹಣೆ ಬಡಿದುಕೊಂಡ.

"ಆತು" ಎಂದರು ಭಾಗೀರಥಿಬಾಯಿ, ಮಾದಲಿ ಅಗಿಯುತ್ತ. ಮುಖ ಅರಳಿತ್ತು. "ಒಂದ ನಿಮ್ದು, ಒಂದ ನಮ್ದು. ಮೂರನೇದು ಲಗ್ನದ ಮನ್ಯಾಗ."

ಅಡುಗೆಮನೆಯಲ್ಲಿ ಸೌಟು ಬಿತ್ತು. ಕೃಷ್ಣಾಜಿ ತೊದಲಿದರು. "ಆಯೀ, ಲಗ್ನ ಅಂದ್ರ... ಅಂದ್ರ ನಿನ್ನ ವಿಚಾರ..."

"ಮತ್ತೇನು? ಮೂರನೇ ಆಟಕ್ಕ ನಾ ಈ ಮೊಣಕಾಲ ತಗೊಂಡು ಸುಮ್ಮ ಸುಮ್ಮನ ಬಸ್ ಹತ್ತಲ್ಯಾ? ಏನರ ಕಾರಣ ಬ್ಯಾಡಾ? ನೀ ಈಗರ ಒಂದ ಮಾತ ಅನ್ನು. ಹೂಂ ಅಂತಿ, ಇಲ್ಲ ಅಂತಿ?"

ಕೃಷ್ಣಾಜಿ ಅಭ್ಯಾಸಬಲದಿಂದ "ನೋಡೋಣ" ಎಂದು ಶುರುಮಾಡಿದವರು, ತಾಯಿಯ ಮುಖ, ಮಗನ ಮುಖ ನೋಡಿ, ಬಹಳ ಕಷ್ಟಪಟ್ಟು "ಹೂಂ" ಎಂದರು. ಅಂದಮೇಲೆ ಅಷ್ಟೇನೂ ಕಷ್ಟವಿರಲಿಲ್ಲ ಅನ್ನಿಸಿ ಇನ್ನೊಮ್ಮೆ ಅಂದರು. ಸಪ್ನಾ ಅಪ್ಪನ ಭುಜಕ್ಕೆ ತಲೆ ಇಟ್ಟು ಅತ್ತಳು. ಸತ್ಯಪ್ಪ ಏನಾದರೂ ಘೋಷಿಸಬೇಕೆಂದುಕೊಂಡ, ಅವನಿಗೂ ಅಳುವೇ ಬಂತು.

ಊಟ ಮುಗಿಸಿ ಅವರೆಲ್ಲ ಹೊರಟಾಗ ಬಾಟಲಿ ಕುರ್ಚಿಯ ಕೆಳಗೇ ಉಳಿದಿತ್ತು. ಸಪ್ನಾ ಓಡಿ ಬಂದು ಹೊಸ್ತಿಲಲ್ಲಿ ಅದನ್ನು ಕೊಟ್ಟಳು. ಭಾಗೀರಥಿಬಾಯಿ ಅದನ್ನು ಅಲ್ಲಾಡಿಸಿ ನೋಡಿದರು. ಮುಚ್ಚಳವನ್ನೂ ತೆಗೆದಿರಲಿಲ್ಲ.

"ಮುಂಜಾನಿದು, ಬೆಚ್ಚಗಾಗೇದ" ಎಂದು ನೀರನ್ನು ಅಂಗಳದ ಗಿಡಕ್ಕೆ ಚೆಲ್ಲಿ, ಖಾಲಿ ಬಾಟಲಿಯನ್ನು ಶೆಟ್ಟೆವ್ವನ ಕೈಗೆ ಕೊಟ್ಟರು. "ನಿಮ್ಮ ಕೊಡದಾಗಿಂದು ತುಂಬಿ ಕೊಡ್ರಿ. ದಾರ್ಯಾಗ ನೀರಡಸ್ತದ."

ಶೆಟ್ಟೆವ್ವ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ನಿಲ್ದಾಣದಲ್ಲಿ ಕಿತ್ತೂರಿನ ಬಸ್ಸು ಹೊರಡುವ ಹೊತ್ತಾಗಿತ್ತು, ಆದರೆ ಅದನ್ನು ಕೂಗಬೇಕಾದವನು ಇಲ್ಲೇ ನಿಂತಿದ್ದ. ಕಡೆಗೆ ಅವಳು ಬಂದಳು. ಕೊಡವನ್ನು ಮೂರು ಸಲ ತೊಳೆದು ಹೊಸ ನೀರು ತುಂಬಿಸಿದ್ದಳಂತೆ. ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು, ಅದು ಬಾಯಿತನಕ ತುಂಬಿ ಸೀರೆಯ ಮೇಲೆಲ್ಲ ಚೆಲ್ಲುತ್ತಿತ್ತು.